ಸಹಾಯ ಬೇಕು: ಮಕ್ಕಳ ಡಾಕ್ಟರ್ ಆಗಿದ್ದೇನೆ, ಇನ್ನೂ 3 ವರ್ಷ ಡಿಎಂ ಓದಬೇಕಾ?

ಎಲ್ಲರಿಗೂ ನಮಸ್ಕಾರ. ಎಂಡಿ ಪೀಡಿಯಾಟ್ರಿಕ್ಸ್ ಮುಗಿಸಿ ಎರಡು ವರ್ಷವಾಯಿತು. ದಾವಣಗೆರೆಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಿದ್ದೇನೆ.

ಹಸುಗೂಸುಗಳ ಐಸಿಯು ಅಂದರೆ ನನಗೆ ಪ್ರಾಣ. 900 ಗ್ರಾಂ ತೂಕದ ಕೂಸು ವೆಂಟಿಲೇಟರ್‌ನಿಂದ ಹೊರಬಂದು, ಕೊನೆಗೆ ಅಮ್ಮನ ಮಡಿಲಲ್ಲಿ ಮನೆಗೆ ಹೋಗುವುದನ್ನು ನೋಡಿದ ಮೇಲೆ ಬೇರೆ ಕೆಲಸ ಬೇಡ ಅನಿಸುತ್ತದೆ. ಅದಕ್ಕೇ ನೀಟ್ ಎಸ್‌ಎಸ್ (ಸೂಪರ್ ಸ್ಪೆಷಾಲಿಟಿ ಪ್ರವೇಶ ಪರೀಕ್ಷೆ) ಬರೆದು ಡಿಎಂ ನಿಯೋನೇಟಾಲಜಿ, ಅಂದರೆ ಎಂಡಿ ಆದಮೇಲೆ ಓದುವ ಹಸುಗೂಸುಗಳ ಚಿಕಿತ್ಸೆಯ ಸೂಪರ್ ಸ್ಪೆಷಾಲಿಟಿ ಕೋರ್ಸ್, ಮಾಡುವ ಆಸೆ.

ತೊಡಕು ದುಡ್ಡಿನದು. ಮತ್ತೆ 3 ವರ್ಷ ಸ್ಟೈಪೆಂಡ್ ಮೇಲೆ ಬದುಕಬೇಕು. ಓದಿನ ಸಾಲ ಇನ್ನೂ ತೀರಿಲ್ಲ, ಅಪ್ಪ ರಿಟೈರ್ ಆಗಿದ್ದಾರೆ. ಜೊತೆಗೆ ಓದಿ ರೇಡಿಯಾಲಜಿ ತೆಗೆದುಕೊಂಡ ಗೆಳೆಯನ ಸಂಬಳ ಈಗಲೇ ನನ್ನ ಎರಡರಷ್ಟಿದೆ. ನಮ್ಮದರಲ್ಲಿ ಸ್ಕ್ಯಾನ್, ಆಪರೇಷನ್‌ಗಳ ಆದಾಯ ಇಲ್ಲ. ಅಳುವ ಮಗುವನ್ನು ಸಮಾಧಾನ ಮಾಡಿ, ನೋಡಿ, ಅಜ್ಜಿಯ ಪ್ರಶ್ನೆಗಳಿಗೂ ಉತ್ತರ ಕೊಡಲು ಇಪ್ಪತ್ತು ನಿಮಿಷ ಬೇಕು. ಆ ಸಮಯಕ್ಕೆ ಬಿಲ್ಲಿನಲ್ಲಿ ಬೆಲೆಯೇ ಇಲ್ಲ. ಇದು ನ್ಯಾಯ ಅಲ್ಲ, ಅಲ್ವಾ?

ಸೀನಿಯರ್‌ಗಳನ್ನು ಕೇಳಿದೆ. ಒಬ್ಬರು "ಸುಮ್ನೆ ಕ್ಲಿನಿಕ್ ಹಾಕಮ್ಮ, ಓಪಿಡಿ, ಲಸಿಕೆಯಲ್ಲೇ ಜೀವನ ನಡೆಯುತ್ತದೆ" ಎಂದರು. ಇನ್ನೊಬ್ಬರು ಡಿಎಂ ಬೇಡ, ಅದೇ ವಿಷಯದಲ್ಲಿ ಕಡಿಮೆ ಅವಧಿಯ ತರಬೇತಿ, ಅಂದರೆ ಫೆಲೋಶಿಪ್ ಸಾಕು ಎನ್ನುತ್ತಾರೆ. ಎರಡು ಆಸ್ಪತ್ರೆಗಳಲ್ಲಿ ಸಂಬಳ ವಿಚಾರಿಸಿದೆ, ಯಾರೂ ಬಾಯಿ ಬಿಡಲಿಲ್ಲ.

ನನಗೆ ಗೊತ್ತಾಗಬೇಕಿರುವುದು ಇಷ್ಟೇ. ದಾವಣಗೆರೆ, ಹುಬ್ಬಳ್ಳಿ, ಶಿವಮೊಗ್ಗದಂಥ ಊರುಗಳಲ್ಲಿ ಡಿಎಂ ಮಾಡಿದವರಿಗೂ ಫೆಲೋಶಿಪ್ ಮಾತ್ರ ಮಾಡಿದವರಿಗೂ ಸಂಬಳದಲ್ಲಿ ನಿಜಕ್ಕೂ ಎಷ್ಟು ವ್ಯತ್ಯಾಸವಿದೆ? ಸಾಲ ಇಟ್ಟುಕೊಂಡೇ ಡಿಎಂ ಮಾಡಿದವರು ಯಾರಾದರೂ ಇದ್ದರೆ, ಆ 3 ವರ್ಷ ಹೇಗೆ ನಿಭಾಯಿಸಿದಿರಿ ಅಂತ ದಯವಿಟ್ಟು ಹೇಳುತ್ತೀರಾ?