ಅಡ್ವರ್ಸ್ ಇವೆಂಟ್ ಎಂಬುದಕ್ಕೆ ‘ಅಡ್ಡಪರಿಣಾಮ’ ಸರಿಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ವೈದ್ಯಕೀಯ ಕಾಲೇಜೊಂದರಲ್ಲಿ ನಡೆಯುವ ಔಷಧ ಪ್ರಯೋಗಗಳ ಮಾಹಿತಿಪತ್ರ ಮತ್ತು ಒಪ್ಪಿಗೆಪತ್ರಗಳನ್ನು ಕನ್ನಡಕ್ಕೆ ತರುವ ಕೆಲಸವನ್ನು ನಾನು ಕೆಲವು ವರ್ಷಗಳಿಂದ ಮಾಡುತ್ತಿದ್ದೇನೆ. ಈ ಪತ್ರಗಳಲ್ಲಿ ಮತ್ತೆ ಮತ್ತೆ ಬರುವ ‘ಅಡ್ವರ್ಸ್ ಇವೆಂಟ್’ (ಪ್ರಯೋಗದಲ್ಲಿ ಪಾಲ್ಗೊಂಡವರ ಆರೋಗ್ಯಕ್ಕೆ, ಕಾರಣ ಏನೇ ಇರಲಿ, ಆಗುವ ತೊಂದರೆ) ಎಂಬುದನ್ನು ‘ಅಡ್ಡಪರಿಣಾಮ’ ಎಂದೇ ಬರೆಯುತ್ತ ಬಂದಿದ್ದೆ. ಅದು ತಪ್ಪೆಂದು ಈಗ ಮನವರಿಕೆಯಾಗಿದೆ. ಅದರ ಜಾಗಕ್ಕೆ ಯಾವ ಪದವನ್ನು ತರಬೇಕೆಂಬುದು ಮಾತ್ರ ಬಗೆಹರಿದಿಲ್ಲ.

ರಕ್ತದೊತ್ತಡದ ಮಾತ್ರೆಯೊಂದರ ಪ್ರಯೋಗದಲ್ಲಿದ್ದ ಹಿರಿಯ ಮಹಿಳೆಯೊಬ್ಬರು ತಪಾಸಣೆಗೆ ಬಂದಾಗ ಅವರ ಎಡಗೈಗೆ ಪ್ಲಾಸ್ಟರ್ ಹಾಕಲಾಗಿತ್ತು. ಮೂರು ವಾರಗಳ ಹಿಂದೆಯೇ ಬಿದ್ದು ಮಣಿಕಟ್ಟಿನ ಮೂಳೆ ಮುರಿದಿತ್ತು. ಏಕೆ ತಿಳಿಸಲಿಲ್ಲವೆಂದು ಕೇಳಿದಾಗ ಅವರು ಕೈಚೀಲದಿಂದ ನಾನು ಬರೆದಿದ್ದ ಹಾಳೆಯನ್ನೇ ತೆಗೆದು, ‘ಅಡ್ಡಪರಿಣಾಮ ಕಂಡುಬಂದರೆ ಕೂಡಲೇ ತಿಳಿಸಿ’ ಎಂಬ ಸಾಲಿನ ಮೇಲೆ ಬೆರಳಿಟ್ಟು, ‘ನಾನು ಒದ್ದೆ ನೆಲದಲ್ಲಿ ಜಾರಿ ಬಿದ್ದದ್ದಮ್ಮ, ಮಾತ್ರೆಯಿಂದ ಆದದ್ದಲ್ಲವಲ್ಲ’ ಎಂದರು. ಅವರು ಓದಿಕೊಂಡದ್ದು ಸರಿಯಾಗಿಯೇ ಇತ್ತು, ನಾನು ಬರೆದದ್ದು ತಪ್ಪಾಗಿತ್ತು. ರಕ್ತದೊತ್ತಡ ಇಳಿಸುವ ಮಾತ್ರೆ ತೆಗೆದುಕೊಳ್ಳುವವರು ಥಟ್ಟನೆ ಎದ್ದು ನಿಂತಾಗ ತಲೆ ಸುತ್ತಿ ಬೀಳುವುದುಂಟಾದ್ದರಿಂದ, ಸಂಶೋಧಕರಿಗೆ ಮೊದಲು ತಿಳಿಯಬೇಕಾದ ಸಂಗತಿಯೇ ಅದಾಗಿತ್ತು.

ಔಷಧ ಪ್ರಯೋಗಗಳ ಅಂತರರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಅಡ್ವರ್ಸ್ ಇವೆಂಟ್ ಎಂದರೆ ಪ್ರಯೋಗದಲ್ಲಿ ಪಾಲ್ಗೊಂಡವರ ಆರೋಗ್ಯಕ್ಕೆ ಸಂಬಂಧಿಸಿದಂತೆ ಆದ ಯಾವುದೇ ಅನಪೇಕ್ಷಿತ ಸಂಗತಿ. ಅದಕ್ಕೆ ಔಷಧವೇ ಕಾರಣವಾಗಿರಬೇಕೆಂದಿಲ್ಲ. ಔಷಧ ಕಾರಣವಾಗಿರಬಹುದೆನ್ನಲು ಆಧಾರವಿದ್ದಾಗ ಅದಕ್ಕೆ ‘ಅಡ್ವರ್ಸ್ ರಿಯಾಕ್ಷನ್’ ಎಂಬ ಬೇರೆಯೇ ಹೆಸರುಂಟು. ಆದುದನ್ನೆಲ್ಲ ಮೊದಲು ಬರೆದಿಟ್ಟುಕೊಂಡು, ಕಾರಣವನ್ನು ಆಮೇಲೆ ತೂಗಿ ನೋಡುವುದು ಈ ಶಾಸ್ತ್ರದ ಕ್ರಮ. ‘ಪರಿಣಾಮ’ ಎಂಬ ಪದವಾದರೋ ಕಾರಣವನ್ನು ಮೊದಲೇ ಒಪ್ಪಿಕೊಂಡುಬಿಡುತ್ತದೆ.

ಹಾಗೆ ಒಪ್ಪಿಕೊಳ್ಳುವುದು ಎಷ್ಟು ದಾರಿ ತಪ್ಪಿಸಬಲ್ಲದೆಂಬುದನ್ನು 2020ರಲ್ಲಿ ಪ್ರಕಟವಾದ ಸ್ಯಾಮ್ಸನ್ ಅಧ್ಯಯನ ತೋರಿಸಿದೆ. ಕೊಲೆಸ್ಟರಾಲ್ ತಗ್ಗಿಸುವ ಸ್ಟ್ಯಾಟಿನ್ ಮಾತ್ರೆ ಒಗ್ಗದೆ ಬಿಟ್ಟುಬಿಟ್ಟಿದ್ದ 60 ಮಂದಿಗೆ ಒಂದು ವರ್ಷದಲ್ಲಿ ನಾಲ್ಕು ತಿಂಗಳು ಸ್ಟ್ಯಾಟಿನ್, ನಾಲ್ಕು ತಿಂಗಳು ಔಷಧವಿಲ್ಲದ ಹುಸಿಮಾತ್ರೆ, ನಾಲ್ಕು ತಿಂಗಳು ಖಾಲಿ ಡಬ್ಬಿ ಕೊಡಲಾಗಿತ್ತು. ಖಾಲಿ ಡಬ್ಬಿಯ ತಿಂಗಳುಗಳಿಗೆ ಹೋಲಿಸಿದರೆ ಸ್ಟ್ಯಾಟಿನ್ ನುಂಗಿದಾಗ ತೊಂದರೆ ಎಷ್ಟು ಹೆಚ್ಚಿತ್ತೋ ಅದರ ಶೇ. 90ರಷ್ಟು ಹುಸಿಮಾತ್ರೆ ನುಂಗಿದಾಗಲೂ ಹೆಚ್ಚಿತ್ತು. ಎಂದರೆ ತೊಂದರೆಯ ಹೆಚ್ಚಿನ ಪಾಲಿಗೆ ಔಷಧ ಕಾರಣವಾಗಿರಲಿಲ್ಲ. ಈ ತೊಂದರೆಗಳನ್ನು ಮೊದಲ ದಿನವೇ ಸ್ಟ್ಯಾಟಿನ್ನಿನ ‘ಅಡ್ಡಪರಿಣಾಮ’ ಎಂದು ಬರೆದಿಟ್ಟಿದ್ದರೆ ಕೇಳಬೇಕಾದ ಪ್ರಶ್ನೆಯೇ ಮುಚ್ಚಿಹೋಗುತ್ತಿತ್ತು.

‘ಅಡ್ಡಪರಿಣಾಮ’ದ ಮೇಲೆ ನನಗೆ ಮುನಿಸಿಲ್ಲ. ‘ಸೈಡ್ ಎಫೆಕ್ಟ್’ ಎಂಬುದಕ್ಕೆ ಅದು ಒಪ್ಪುವ ಪದ, ಮತ್ತು ‘ದುಷ್ಪರಿಣಾಮ’ಕ್ಕಿಂತ ಮೇಲು. ಏಕೆಂದರೆ ರಕ್ತದೊತ್ತಡಕ್ಕೆಂದು ಬಂದ ಔಷಧ ಮಿನಾಕ್ಸಿಡಿಲ್‌ನಿಂದ ಕೂದಲು ಬೆಳೆದದ್ದು ಅಡ್ಡಪರಿಣಾಮವೇ ಹೊರತು ದುಷ್ಪರಿಣಾಮವಲ್ಲ.

ಇನ್ನು ಬದಲಿ ಪದಗಳು. ‘ಪ್ರತಿಕೂಲ ಘಟನೆ’ ಅರ್ಥದಲ್ಲಿ ನಿಖರವಾಗಿದೆ, ಆದರೆ ‘ಪ್ರತಿಕೂಲ’ ಎಂದರೆ ಹವಾಮಾನ ನೆನಪಾಗುತ್ತದೆ. ಒಪ್ಪಿಗೆಪತ್ರವನ್ನು ಓದುವವರಿಗೆ ತಮ್ಮ ಮೈಯ ಸಂಗತಿಯೆಂದು ಹೊಳೆಯುವುದಿಲ್ಲ. ‘ಅಹಿತಕರ ಘಟನೆ’ ಸುಲಭವಾಗಿ ತಿಳಿಯುತ್ತದಾದರೂ ಪತ್ರಿಕೆಗಳು ಅದನ್ನು ಗಲಭೆ, ಬಂದೋಬಸ್ತುಗಳ ಜೊತೆಗೆ ಬಳಸಿ ಬಳಸಿ ಅದಕ್ಕೆ ಆ ಬಣ್ಣವೇ ಅಂಟಿಬಿಟ್ಟಿದೆ. ‘ಏರುಪೇರು’ ನನಗೆ ತುಂಬ ಹಿಡಿಸಿದ ಮಾತು: ಆರೋಗ್ಯದಲ್ಲಿ ಏರುಪೇರು ಎಂದು ಎಲ್ಲರೂ ಅನ್ನುತ್ತಾರೆ, ರೋಗಿಗೆ ಗೊತ್ತೇ ಆಗದೆ ರಕ್ತಪರೀಕ್ಷೆಯಲ್ಲಿ ಮಾತ್ರ ಕಾಣುವ ವ್ಯತ್ಯಾಸವೂ ಅದರಲ್ಲಿ ಅಡಗುತ್ತದೆ. ಆದರೆ ಮುರಿದ ಮಣಿಕಟ್ಟನ್ನು ಯಾರೂ ಏರುಪೇರು ಎನ್ನುವುದಿಲ್ಲ. ‘ಅವಘಡ’ ಎಂದರೆ ಮಣಿಕಟ್ಟು ಸೇರುತ್ತದೆ, ಜ್ವರ ಹೊರಗುಳಿಯುತ್ತದೆ. ಸದ್ಯಕ್ಕೆ ‘ಮಾತ್ರೆಯಿಂದಲೇ ಆದದ್ದೆಂದು ಅನ್ನಿಸದಿದ್ದರೂ, ಕಾಯಿಲೆ, ಪೆಟ್ಟು, ತೊಂದರೆ ಏನೇ ಆದರೂ ತಿಳಿಸಿ’ ಎಂದು ಬಿಡಿಸಿ ಬರೆಯುತ್ತಿದ್ದೇನೆ. ಸೂಚನೆಯ ಸಾಲಿಗೆ ಇದು ಸಾಕು, ಪ್ರತಿ ಪುಟದಲ್ಲೂ ಬರಬೇಕಾದ ಪಾರಿಭಾಷಿಕ ಪದಕ್ಕೆ ಸಾಲದು.

ಇದಕ್ಕೆ ಹೊಂದಿಕೊಂಡ ಇನ್ನೊಂದು ತೊಡಕೂ ಇದೆ. ‘ಸೀರಿಯಸ್’ ಮತ್ತು ‘ಸಿವಿಯರ್’ ಎರಡಕ್ಕೂ ‘ತೀವ್ರ’ ಎಂದೇ ಬರೆಯಲಾಗುತ್ತಿದೆ. ‘ಸಿವಿಯರ್’ ಎಂಬುದು ತೊಂದರೆ ಎಷ್ಟು ಜೋರಾಗಿದೆಯೆಂಬುದನ್ನು ಹೇಳುತ್ತದೆ, ‘ಸೀರಿಯಸ್’ ಎಂಬುದು ಅದರಿಂದ ಏನಾಯಿತೆಂಬುದನ್ನು. ತಲೆ ಸಿಡಿಯುವಂಥ ನೋವು ತೀವ್ರವೇ, ಆದರೂ ತಾನಾಗಿ ಇಳಿದರೆ ‘ಸೀರಿಯಸ್’ ಅಲ್ಲ. ಹಗುರವಾದ ಹೃದಯಾಘಾತವೂ ಆಸ್ಪತ್ರೆಗೆ ದಾಖಲಾಗಬೇಕಾಗಿ ಬಂದರೆ ‘ಸೀರಿಯಸ್’. ‘ಸೀರಿಯಸ್’ಗೆ ‘ಗಂಭೀರ’, ‘ಸಿವಿಯರ್’ಗೆ ‘ತೀವ್ರ’ ಎಂದು ಕಟ್ಟುನಿಟ್ಟಾಗಿ ಬೇರ್ಪಡಿಸಬೇಕೆಂಬುದು ನನ್ನ ನಿಲುವು.

ಜ್ವರ, ಮೂಳೆಮುರಿತ, ರಕ್ತಪರೀಕ್ಷೆಯ ವ್ಯತ್ಯಾಸ ಮೂರನ್ನೂ ಒಳಗೊಂಡು, ಕಾರಣದ ಬಗ್ಗೆ ಏನನ್ನೂ ಹೇಳದೆ, ಆ ಹಿರಿಯ ಮಹಿಳೆಗೂ ಕೇಳಿದೊಡನೆ ತಿಳಿಯುವಂಥ ಪದ ನಿಮ್ಮ ಬಳಕೆಯಲ್ಲಿದೆಯೇ? ಇಲ್ಲವಾದರೆ ‘ಪ್ರತಿಕೂಲ ಘಟನೆ’ಯನ್ನೇ ಉಳಿಸಿಕೊಂಡು, ಮೊದಲ ಬಾರಿ ಬಂದಲ್ಲಿ ಅದರ ಅರ್ಥವನ್ನು ಬಿಡಿಸಿ ಬರೆಯುವುದನ್ನು ನೀವು ಒಪ್ಪುತ್ತೀರಾ?