ನಾಳೆ ಪೀಣ್ಯದಲ್ಲಿ ಪುಟ್ಟನ ಇಂಟರ್‌ವ್ಯೂ

ಚಿಕ್ಕಪ್ಪ: (ಫಾರ್ವರ್ಡ್) ‘ಇಂಟರ್‌ವ್ಯೂನಲ್ಲಿ ಹೇಳಲೇಬೇಕಾದ 10 ಸಾಲುಗಳು.’ ಪುಟ್ಟ, ರಾತ್ರಿಯೊಳಗೆ ಬಾಯಿಪಾಠ ಮಾಡು.

ಅತ್ತೆ: ಒಳ್ಳೆಯದಾಯಿತು ಅಣ್ಣ. ಬೆಳಿಗ್ಗೆಯಿಂದ ಇವನು ಸರಿಯಾಗಿ ಊಟಾನೂ ಮಾಡಿಲ್ಲ.

ನಾನು: ಚಿಕ್ಕಪ್ಪ, ಬೇಜಾರು ಮಾಡಿಕೊಳ್ಳಬೇಡಿ. ಇದನ್ನು ಬಾಯಿಪಾಠ ಮಾಡಿಸಬೇಡಿ. ನಮ್ಮ ಫ್ಯಾಕ್ಟರಿಯಲ್ಲಿ ಕ್ವಾಲಿಟಿ ಕಡೆಯಿಂದ ನಾನೂ ಇಂಟರ್‌ವ್ಯೂ ಮಾಡೋಕೆ ಕೂರುತ್ತೇನೆ. ‘ನಾನು ಹಾರ್ಡ್ ವರ್ಕರ್, ಬೇಗ ಕಲಿಯುತ್ತೇನೆ’ ಅಂತ ಒಂದೇ ದಿನ ನಾಲ್ಕು ಜನ ಹೇಳಿದರೆ ಯಾರನ್ನು ನೆನಪಿಟ್ಟುಕೊಳ್ಳಲಿ?

ಚಿಕ್ಕಪ್ಪ: ನೀನು ಆ ಕಡೆ ಕೂರುವವಳು ಕಣಮ್ಮ. ಈ ಕಡೆ ಕೂತವನ ಎದೆ ಹೇಗೆ ಹೊಡೆದುಕೊಳ್ಳುತ್ತೆ ಅಂತ ಮರೆತಿದ್ದೀಯ. ನನ್ನ ಮೊದಲ ಇಂಟರ್‌ವ್ಯೂನಲ್ಲಿ ‘ನಿನ್ನ ಬಗ್ಗೆ ಹೇಳು’ ಅಂದರು. ಹೆಸರು, ಊರು ಹೇಳಿ ಸುಮ್ನೆ ಕೂತೆ. ಎರಡು ವರ್ಷ ಲೇತ್ (ಲೋಹ ತಿರುಗಿಸಿ ಕೊರೆಯೋ ಮೆಷಿನ್) ಓಡಿಸಿದ್ದೆ. ಅದು ಬಾಯಿಗೇ ಬರಲಿಲ್ಲ. ಹಿಡಿದುಕೊಳ್ಳೋಕೆ ನಾಲ್ಕು ಸಾಲು ಬೇಕು.

ನಾನು: ನಾಲ್ಕು ಸಾಲು ಬೇಕು, ಒಪ್ಪಿದೆ. ಆದರೆ ಅವು ಅವನ ಕೆಲಸದಿಂದಲೇ ಬರಲಿ. ಪುಟ್ಟ, ಟ್ರೇನಿಂಗ್‌ನಲ್ಲಿ ಏನು ಮಾಡಿದೆ?

ಪುಟ್ಟ: ಅಂಥದ್ದೇನಿಲ್ಲ ಅಕ್ಕ. ಸಿಎನ್‌ಸಿ ಲೇತ್‌ನಲ್ಲಿ, ಅಂದರೆ ಕಂಪ್ಯೂಟರ್ ನಡೆಸೋ ಲೇತ್‌ನಲ್ಲಿ, ಬುಷ್ (ಕೊಳವೆಯಂಥ ಬಿಡಿಭಾಗ). ಪೀಸ್ ಹಾಕೋದು, ತೆಗೆಯೋದು.

ನಾನು: ಬೋರ್, ಅಂದರೆ ಒಳಗಿನ ತೂತು, ಎಷ್ಟು?

ಪುಟ್ಟ: 25 ಎಚ್7. ಅಂದರೆ 25.000ದಿಂದ 25.021 ಮಿ.ಮೀ. ಒಳಗೆ ಬರಬೇಕು. ಮಧ್ಯಾಹ್ನದ ಹೊತ್ತಿಗೆ ತೂತಿಗೆ ಹಾಕಿ ನೋಡೋ ಪ್ಲಗ್ ಗೇಜ್‌ನ ಗೋ ಕಡೆ (ಸಲೀಸಾಗಿ ಒಳಗೆ ಹೋಗಬೇಕಾದ ತುದಿ) ಟೈಟ್ ಆಗುತ್ತಿತ್ತು. ಇನ್ಸರ್ಟ್ (ಕೊರೆಯೋ ಅಲಗು) ಸವೆದು ಬೋರ್ ಚಿಕ್ಕದಾಗುತ್ತಿತ್ತು. ಹತ್ತು ಪೀಸಿಗೊಮ್ಮೆ ಬೋರ್ ಗೇಜ್‌ನಲ್ಲಿ ನೋಡಿ ವೇರ್ ಆಫ್‌ಸೆಟ್, ಅಂದರೆ ಸವೆದಷ್ಟನ್ನು ಸರಿದೂಗಿಸೋ ಅಳತೆ, ಮೆಷಿನ್‌ಗೆ ಕೊಡುತ್ತಿದ್ದೆವು. ಆಮೇಲೆ ರಿಜೆಕ್ಷನ್ ಕಡಿಮೆ ಆಯಿತು.

ನಾನು: ಕೊಡುತ್ತಿದ್ದದ್ದು ಯಾರು?

ಪುಟ್ಟ: ನಾನೇ. ಮೆಷಿನ್ ಹೊಂದಿಸೋ ಸೆಟ್ಟರ್ ಒಂದು ಸಲ ತೋರಿಸಿಕೊಟ್ಟಿದ್ದರು.

ನಾನು: ಇದನ್ನೇ ಹೇಳಬೇಕು ಕಣೋ! ‘ಅಂಥದ್ದೇನಿಲ್ಲ’ ಅನ್ನಬೇಡ. ‘ಕೊಡುತ್ತಿದ್ದೆವು’ ಅಂತಲೂ ಬೇಡ, ‘ನಾನು ಕೊಡುತ್ತಿದ್ದೆ’ ಅನ್ನು. ನಮ್ಮ ಹುಡುಗರು ಸಂಕೋಚಕ್ಕೆ ಎಲ್ಲದಕ್ಕೂ ‘ನಾವು’ ಅಂತಾರೆ. ಇವನು ಮಾಡಿದನೋ, ಪಕ್ಕದಲ್ಲಿ ನಿಂತು ನೋಡಿದನೋ, ಕೇಳುವವರಿಗೆ ಗೊತ್ತಾಗಲ್ಲ. ಸೆಟ್ಟರ್ ಕಲಿಸಿದರು ಅನ್ನೋದನ್ನೂ ಬಿಡಬೇಡ.

ಚಿಕ್ಕಪ್ಪ: ಇದು ಚೆನ್ನಾಗಿದೆ. ಜೊತೆಗೆ ಪ್ರೋಗ್ರಾಮಿಂಗ್ ಬರುತ್ತೆ ಅಂತಲೂ ಸೇರಿಸಲಿ. ಸೇರಿದ ಮೇಲೆ ಕಲಿತರಾಯಿತು.

ನಾನು: ದಯವಿಟ್ಟು ಬೇಡ ಚಿಕ್ಕಪ್ಪ. ಒಬ್ಬ ಹುಡುಗ ಹಾಗೇ ಹೇಳಿದ. ಪ್ರೋಗ್ರಾಂನಲ್ಲಿ ಬರೋ ಜಿ71 ಅನ್ನೋ ಕೋಡ್ ಯಾವುದಕ್ಕೆ ಅಂತ ಕೇಳಿದರು. ತಲೆ ತಗ್ಗಿಸಿದ. ಅದಕ್ಕೂ ಮುಂಚೆ ಮೈಕ್ರೊಮೀಟರ್ ಹಿಡಿದು ಚೆನ್ನಾಗಿ ಅಳತೆ ತೋರಿಸಿದ್ದ. ಅದೂ ಲೆಕ್ಕಕ್ಕೆ ಬರಲಿಲ್ಲ. ಇವತ್ತಿಗೂ ನನಗೆ ಸಂಕಟವಾಗುತ್ತೆ. ‘ಆಫ್‌ಸೆಟ್ ಕೊಡೋಕೆ ಬರುತ್ತೆ, ಪ್ರೋಗ್ರಾಂ ಓದೋಕೆ ಕಲಿಯುತ್ತಿದ್ದೇನೆ’ ಅಂದರೆ ಸಾಕು.

ಅತ್ತೆ: ಎಲ್ಲಾ ಇಂಗ್ಲಿಷ್‌ನಲ್ಲೇ ಹೇಳಬೇಕಾ?

ನಾನು: ‘ಕನ್ನಡದಲ್ಲಿ ಹೇಳಬಹುದಾ ಸರ್’ ಅಂತ ಕೇಳಲಿ ಅತ್ತೆ. ಬೋರ್, ಇನ್ಸರ್ಟ್, ಆಫ್‌ಸೆಟ್ ಅನ್ನೋದು ಯಾವ ಭಾಷೆಯಲ್ಲೂ ಅದೇ ಅಲ್ವಾ.

ಚಿಕ್ಕಪ್ಪ: ಆಯಿತು, ಆ ಫಾರ್ವರ್ಡ್ ಅಳಿಸಿದೆ. ಪುಟ್ಟ, ಬುಷ್ ವಿಷಯ ವಾಯ್ಸ್ ಮೆಸೇಜ್ ಮಾಡಿ ಹಾಕು. ಊಟ ಮಾಡಿ ಆಮೇಲೆ ಹಾಕು.

ಪುಟ್ಟ: ಸರಿ ಮಾವ.

ಚಿಕ್ಕಪ್ಪ: ಕೇಳಿದೆ. 25.021 ಅನ್ನೋವಾಗ ಓಡಬೇಡ. ಇನ್ನೊಂದು ಸಲ ಹೇಳು.