ಸಹಾಯ ಬೇಕು: ಗುಂಡು ತಳದಲ್ಲೇ ಯಾಕೆ ನಿಲ್ಲುತ್ತೆ?

ದಾವಣಗೆರೆ, ಚಿತ್ರದುರ್ಗದ ಫಿಸಿಕ್ಸ್ ಮೇಷ್ಟ್ರುಗಳೇ, ಪಿಯುಸಿ ಮಕ್ಕಳಿಗೆ ಇದನ್ನು ಹೇಳಿಕೊಡೋ ದಾರಿ ಬೇಕಾಗಿದೆ.

ಬಾಣಲೆಯಲ್ಲಿ 10 ಸೆಂ.ಮೀ. ಎತ್ತರದಿಂದ 50 ಗ್ರಾಂ ಸ್ಟೀಲ್ ಗುಂಡು ಬಿಟ್ಟರೆ, ಓಲಾಡಿ ಓಲಾಡಿ ತಳದಲ್ಲಿ ನಿಲ್ಲುತ್ತೆ. "ಬಲ ಇರೋದೇ ವಿಭವಶಕ್ತಿ (ಎತ್ತರದಲ್ಲಿರೋದರಿಂದ ಬರೋ ಶಕ್ತಿ) ಇಳಿಯೋ ಕಡೆಗೆ" ಅಂದರೆ ಸಾಲದು. ತಳಕ್ಕೆ ಬಂದಾಗಲೇ ವೇಗ ಗರಿಷ್ಠ. ಘರ್ಷಣೆ ಇಲ್ಲದಿದ್ದರೆ ಎದುರಿನ ಅಂಚಿಗೆ ಹತ್ತಿ ಇಳಿಯುತ್ತಲೇ ಇರುತ್ತೆ. ನಿಲ್ಲಿಸೋದು ಘರ್ಷಣೆ: ಗುಂಡಿಗೆ ಎತ್ತರದಿಂದ ಬಂದಿದ್ದ 0.049 ಜೂಲ್ ಶಾಖವಾಗಿ ಅಣುಗಳಲ್ಲಿ ಹಂಚಿಹೋಗುತ್ತೆ. ಅದೆಲ್ಲ ಗುಂಡಿಗೇ ಸೇರಿದರೂ ಏರೋದು 0.002 ಡಿಗ್ರಿ, ಲ್ಯಾಬ್ ಥರ್ಮಾಮೀಟರ್‌ಗೆ ಗೊತ್ತೇ ಆಗಲ್ಲ.

ಅದಕ್ಕೆ ಬಿಸಿಯಾಗೋದನ್ನ ತೋರಿಸೋಕೆ 1 ಮೀಟರ್ ಪೈಪಿಗೆ ಒಂದಿಷ್ಟು ಸೀಸದ ಚರೆ (ಸಣ್ಣ ಗುಂಡುಗಳು) ಹಾಕಿ, ಎರಡೂ ಬಾಯಿ ಮುಚ್ಚಿ, 50 ಸಲ ತಲೆಕೆಳಗು ಮಾಡಿಸೋದು. ಲೆಕ್ಕಕ್ಕೆ ಚರೆಯ ತಾಪ 3.8 ಡಿಗ್ರಿ ಏರಬೇಕು, ಪೈಪೂ ಬಿಸಿಯಾಗೋದರಿಂದ ಕಮ್ಮಿ ಬರುತ್ತೆ. ಇಲ್ಲಿವರೆಗೆ ಮಕ್ಕಳು ಒಪ್ಪುತ್ತಾರೆ.

ತೊಡಕಿರೋದು ಇಲ್ಲಿ: ಶಕ್ತಿ ನಾಶವಾಗಿಲ್ಲವಲ್ಲ, ಆ ಶಾಖ ಒಟ್ಟುಗೂಡಿ ಗುಂಡನ್ನು ಮತ್ತೆ ಯಾಕೆ ಎತ್ತಲ್ಲ? 300 ಕೆಲ್ವಿನ್‌ನಲ್ಲಿ ಬೋಲ್ಟ್ಸ್‌ಮನ್ ಸ್ಥಿರಾಂಕವನ್ನು ತಾಪದಿಂದ ಗುಣಿಸಿದರೆ ಸಿಗೋದು 4.1×10⁻²¹ ಜೂಲ್, ಅಂದರೆ ಒಂದು ಅಣುವಿನ ಅಡ್ಡಾದಿಡ್ಡಿ ಅಲುಗಾಟದ ಶಕ್ತಿ ಸುಮಾರು ಇಷ್ಟರ ಮಟ್ಟದ್ದು. ಎತ್ತೋಕೆ ಬೇಕಾದ್ದು ಅದರ ಸುಮಾರು 10¹⁹ ಪಟ್ಟು! ಉತ್ತರ ಇದೇ, ಆದರೆ ಮಕ್ಕಳಿಗೆ ಇದು ಬರೀ ಸಂಖ್ಯೆ.

ಎಂಟ್ರಪಿಯ (ಶಕ್ತಿ ಎಷ್ಟು ಹಂಚಿಹೋಗಿದೆ ಅನ್ನೋದರ ಅಳತೆ) ಸೂತ್ರ ಎತ್ತದೆ ಈ "ವಾಪಸ್ ಬರಲ್ಲ" ಅನ್ನೋದನ್ನ ಒಂದೇ ಪೀರಿಯಡ್‌ನಲ್ಲಿ ಮಾಡಿ ತೋರಿಸಬಹುದಾದ ಪ್ರಯೋಗ ಯಾವುದು? ಸಾಮಾನು, ಅಳತೆ ಸಮೇತ ತಿಳಿಸ್ತೀರಾ?